ವಿಷ ನಡೆವ ಹಾದಿಯ ಲೆಕ್ಕ

ಶರಾವತಿಯ ಹಿನ್ನೀರಿನ ಆಚೆ ದಡದಲ್ಲಿ, ಗುಡ್ಡಕಣಿವೆಗಳ ಸಂದಿನಲ್ಲಿ ಹರಡಿಕೊಂಡಿರುವ ಬ್ಯಾಕೋಡಿನ ಸೀಮೆಯಲ್ಲಿ, ಮಳೆಗಾಲ ಹಿಡಿಯುವುದಕ್ಕೆ ಮುನ್ನ ಅಡಕೆ ತೋಟಗಳಲ್ಲಿ ನಡೆಯುವ ಕಾರ್ಯಗಳಲ್ಲೆಲ್ಲ ಮುಖ್ಯವಾದುದು ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾರ್ಯ. ಒಂದು ಕಿಲೊ ಮೈಲುತುತ್ತವನ್ನೂ ಒಂದು ಕಿಲೊ ಸುಣ್ಣವನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಕದಡಿ, ಒಟ್ಟು 100 ಲೀಟರ್ ಆಗುವಂತೆ ಬೆರೆಸಿ, ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಆ ನೀಲಿ ದ್ರಾವಣದಲ್ಲಿ ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ನೀರನ್ನು ಸೇರಿಸಿ ಹದಗೊಳಿಸಿದ ತರುವಾಯ, ಕೊನೆಗಾರನು ಮರವೇರಿ ಕೊನೆಕೊನೆಗೂ ಸಿಂಪಡಿಸುವ ಈ ಬೋರ್ಡೋ ದ್ರಾವಣವು 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಜನ್ಮತಾಳಿದುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಕೊಳೆರೋಗದ ಮೂಲವನ್ನು ಶೋಧಿಸಿ, ಈ ದ್ರಾವಣವನ್ನು ಅಡಕೆಯ ಕೊನೆಗೆ ಒಗ್ಗಿಸಿಕೊಟ್ಟರು. ಮಲೆನಾಡಿನ ಎಷ್ಟು ಮನೆಗಳ ಅನ್ನ ಆ ಉಪಕಾರದಿಂದ ಉಳಿಯಿತೆಂಬುದನ್ನು ಹೇಳಿ ಪೂರೈಸಲಾಗದು.

ಶಿಲೀಂಧ್ರವನ್ನು ಕೊಲ್ಲುವ ಆ ತಾಮ್ರ, ವರ್ಷವರ್ಷವೂ ಅದರ ತುಂತುರಿನ ನಡುವೆ ನಿಂತು ದುಡಿಯುವವನ ದೇಹದಲ್ಲಿ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರದ ಒಂದು ತುಣುಕು ದೂರದ ಪೋರ್ಚುಗಲ್ಲಿನಲ್ಲಿ ದೊರೆಯಿತು. ದ್ರಾಕ್ಷಿತೋಟಗಳಿಗೆ ಬೋರ್ಡೋ ದ್ರಾವಣವನ್ನು ದೀರ್ಘಕಾಲ ಸಿಂಪಡಿಸಿದ ಕೂಲಿಗಾರರ ಪುಪ್ಪುಸಗಳಲ್ಲಿ ತಾಮ್ರವನ್ನೊಳಗೊಂಡ ಗಂಟುಗಳನ್ನು ಅಲ್ಲಿಯ ವೈದ್ಯರು ಕಂಡು, 1969ರಲ್ಲಿ ಆ ವ್ಯಾಧಿಯನ್ನು ಲೋಕಕ್ಕೆ ತಿಳಿಸಿದರು. ತಾಮ್ರವು ಸ್ವಭಾವತಃ ವಿಷವಲ್ಲ. ಅನ್ನಾಹಾರಗಳ ಮೂಲಕ ಅಲ್ಪಪ್ರಮಾಣದಲ್ಲಿ ನಮಗೆಲ್ಲರಿಗೂ ಅದು ಅವಶ್ಯವೇ ಆಗಿದ್ದು, ಕರುಳಿನಿಂದ ಒಳಸೇರಿ ಹೆಚ್ಚಾದುದನ್ನು ಯಕೃತ್ತು ಪಿತ್ತದೊಡನೆ ಹೊರಕ್ಕೆ ಸಾಗಿಸಿಬಿಡುತ್ತದೆ. ಆದರೆ ಉಸಿರಿನೊಡನೆ ಒಳಹೊಕ್ಕ ಕಣಕ್ಕೆ ಆ ಕಾವಲು ಎದುರಾಗುವುದಿಲ್ಲವಾದಕಾರಣ, ಅದು ಪುಪ್ಪುಸದಲ್ಲಿಯೇ ನೆಲೆಯೂರಬಲ್ಲುದು. ಸುತ್ತಲೂ ಎಷ್ಟು ವಿಷವಿದ್ದಿತೆಂಬುದಕ್ಕಿಂತಲೂ ಯಾವ ದಾರಿಯಿಂದ, ಯಾವ ಅವಯವಕ್ಕೆ, ಎಷ್ಟು ಹೊತ್ತು, ಎಷ್ಟು ಪ್ರಮಾಣದಲ್ಲಿ ತಲಪಿತು ಎಂಬುದೇ ನಿರ್ಣಾಯಕವೆಂದು ವಿಷವಿಜ್ಞಾನ ಹೇಳುವುದು ಇದಕ್ಕಾಗಿಯೇ.

ಈ ತಲಪುವಿಕೆಯನ್ನು ಲೆಕ್ಕಹಾಕುವ ವಿದ್ಯೆಯೊಂದು ಉಂಟು. 1961ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಸೊಸೈಟಿ ಆಫ್ ಟಾಕ್ಸಿಕಾಲಜಿ ಎಂಬ ವಿದ್ವತ್ಸಂಘದಲ್ಲಿ, ಜೈವಿಕ ಮಾದರಿಗಳನ್ನು ರಚಿಸುವವರ ಪ್ರತ್ಯೇಕ ವಿಭಾಗವೇ ಇದ್ದು, ಶರೀರಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರನ್ನೂ ಒಂದೆಡೆ ತರುವ ಕಾರ್ಯ ಅಲ್ಲಿ ನಡೆಯುತ್ತಿದೆ. ಒಬ್ಬೊಬ್ಬರೇ ಮಾಡಲಾಗದ ಕೆಲಸವಿದು; ಇಲಿಯ ಯಕೃತ್ತನ್ನು ಬಲ್ಲವನಿಗೆ ಸಮೀಕರಣ ತಿಳಿಯದು, ಸಮೀಕರಣ ಬಲ್ಲವನಿಗೆ ಯಕೃತ್ತು ತಿಳಿಯದು. ಆದಕಾರಣ ಇಂಥ ಕೂಟಗಳು ವಿಜ್ಞಾನಕ್ಕೆ ಪ್ರಯೋಗಶಾಲೆಗಳಷ್ಟೇ ಆವಶ್ಯಕವೆಂದು ನನ್ನ ಭಾವನೆ.

ಅವರು ರಚಿಸುವ ಮಾದರಿ ಎಂಥದು? ಅಡಕೆ ತೋಟದಲ್ಲಿ ಮೇಲಿನ ಕೆರೆಯಿಂದ ಇಳಿದ ನೀರು ದೊಡ್ಡ ಕಾಲುವೆಯಿಂದ ಚಿಕ್ಕ ಕಾಲುವೆಗಳಿಗೆ ಕವಲೊಡೆದು, ಕೆಲವು ಪಾತಿಗಳಲ್ಲಿ ಇಂಗಿ, ಕೆಲವುಗಳಲ್ಲಿ ನಿಂತು, ಉಳಿದದ್ದು ಬಸಿಗಾಲುವೆಯಿಂದ ಹೊರಬೀಳುವುದನ್ನು ಕಂಡವರಿಗೆ ಅದು ಅಪರಿಚಿತವಾಗಿರದು. ವಿಶ್ರಾಂತಿಯಲ್ಲಿರುವ ಮನುಷ್ಯನ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ಅದರ ಕಾಲುಭಾಗದಷ್ಟು ಯಕೃತ್ತಿಗೂ, ಐದನೆಯ ಒಂದು ಭಾಗದಷ್ಟು ಮೂತ್ರಪಿಂಡಗಳಿಗೂ ಹರಿದರೆ, ಕೊಬ್ಬಿಗೆ ಹರಿಯುವುದು ಅತ್ಯಲ್ಪ. ಆದರೆ ಎಣ್ಣೆಯಲ್ಲಿ ಕರಗುವ ಸ್ವಭಾವದ ವಿಷವಾದರೆ, ಆ ಅಲ್ಪಪ್ರವಾಹವನ್ನೇ ಹಿಡಿದು ಕೊಬ್ಬಿನೊಳಗೆ ಸೇರಿಕೊಂಡು, ಅಲ್ಲಿಂದ ನಿಧಾನವಾಗಿ ರಕ್ತಕ್ಕೆ ಮರಳಿ ಬರುತ್ತಿರುತ್ತದೆ. ಒಂದೊಂದು ಅವಯವಕ್ಕೂ ಒಂದೊಂದು ಸಮೀಕರಣವನ್ನು ಬರೆದು, ಒಳಬಂದದ್ದು, ಹೊರಹೋದದ್ದು, ನಾಶವಾದದ್ದು ಇವುಗಳನ್ನು ಕ್ಷಣಕ್ಷಣಕ್ಕೂ ಕೂಡಿ ಕಳೆಯುವುದೇ ಈ ಮಾದರಿಯ ತಿರುಳು. ಸ್ವೀಡನ್ನಿನ ಟಾರ್ಸ್ಟನ್ ಟಿಯೊರೆಲ್ 1937ರಲ್ಲಿಯೇ ಇದರ ತಳಹದಿಯನ್ನು ಹಾಕಿದ್ದರೂ, ಅಷ್ಟು ಸಮೀಕರಣಗಳನ್ನು ಬಿಡಿಸಬಲ್ಲ ಗಣಕಯಂತ್ರಗಳು ಕೈಗೆಟುಕುವವರೆಗೆ ಆ ವಿಚಾರ ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು. 1984ರಲ್ಲಿ ರಾಮ್ಸೆ ಮತ್ತು ಆಂಡರ್ಸನ್ನರು ಸ್ಟೈರೀನ್ ಎಂಬ ಆವಿಯು ಇಲಿಯಲ್ಲಿ ವರ್ತಿಸುವ ರೀತಿಯಿಂದ ಮನುಷ್ಯನಲ್ಲಿ ವರ್ತಿಸುವ ರೀತಿಯನ್ನು ಲೆಕ್ಕದಿಂದ ಹೇಳಿ ತೋರಿಸಿದ ಮೇಲೆ ಅದಕ್ಕೆ ಜೀವ ಬಂದಿತು.

ಇಲಿಯಿಂದ ಮನುಷ್ಯನಿಗೆ ದಾಟುವುದು ತೂಕವನ್ನು ತೂಕದಿಂದ ಭಾಗಿಸಿದಷ್ಟು ಸುಲಭವಲ್ಲ. ಪ್ರಾಣಿ ಚಿಕ್ಕದಾದಷ್ಟೂ ಅದರ ದೇಹದ ವ್ಯಾಪಾರ ವೇಗವಾಗಿ ನಡೆಯುವುದರಿಂದ, ದೇಹತೂಕದ ಮುಕ್ಕಾಲು ಘಾತದ ಸೂತ್ರವನ್ನು ಅನುಸರಿಸಿದರೆ, ಕಾಲು ಕಿಲೊ ತೂಗುವ ಇಲಿಯು 70 ಕಿಲೊ ತೂಗುವ ಮನುಷ್ಯನಿಗಿಂತ, ಕಿಲೊ ಒಂದಕ್ಕೆ, ಸುಮಾರು ನಾಲ್ಕು ಪಟ್ಟು ವೇಗವಾಗಿ ದ್ರವ್ಯಗಳನ್ನು ಪರಿವರ್ತಿಸುತ್ತದೆ. ಈ ಪರಿವರ್ತನೆ ಸರ್ವದಾ ರಕ್ಷಕವೆಂದೂ ಹೇಳುವಂತಿಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕ ತಾನಾಗಿ ಅಷ್ಟು ಉಗ್ರವಲ್ಲದಿದ್ದರೂ, ಯಕೃತ್ತು ಅದನ್ನು ಪ್ಯಾರಾಕ್ಸಾನ್ ಆಗಿ ಮಾರ್ಪಡಿಸಿದೊಡನೆಯೇ ಅದು ನರಗಳ ಕಿಣ್ವವನ್ನು ಹಿಡಿದು ನಿಲ್ಲಿಸುವ ಮಾರಕವಸ್ತುವಾಗುತ್ತದೆ. 1987ರಲ್ಲಿ ಆಂಡರ್ಸನ್ ಮತ್ತು ಸಂಗಡಿಗರು ಡೈಕ್ಲೋರೋಮೀಥೇನ್ ಎಂಬ ದ್ರಾವಕಕ್ಕೆ ಇಂಥ ಮಾದರಿಯನ್ನು ಕಟ್ಟಿ, ಸುಂಡಿಲಿಗಳಲ್ಲಿ ಭಾರಿ ಪ್ರಮಾಣದಲ್ಲಿ ಅರ್ಬುದವನ್ನು ಹುಟ್ಟಿಸಿದ ಪರಿವರ್ತನಮಾರ್ಗವು, ಮನುಷ್ಯನು ಅಲ್ಪಪ್ರಮಾಣವನ್ನು ಉಸಿರಾಡಿದಾಗ ನೇರ ಅನುಪಾತ ಹೇಳುವುದಕ್ಕಿಂತ ನೂರು ಪಟ್ಟಿಗೂ ಮಿಕ್ಕಿ ಕಡಿಮೆ ಮಟ್ಟದಲ್ಲಿ ನಡೆಯುವುದೆಂದು ವಾದಿಸಿದರು. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 1997ರಲ್ಲಿ ಆ ವಿಧಾನವನ್ನು ತನ್ನದೇ ರೀತಿಯಲ್ಲಿ ಪರಿಷ್ಕರಿಸಿ ಬಳಸಿಕೊಂಡು, ಆ ದ್ರಾವಕದ ಮಿತಿಯನ್ನು ಗಾಳಿಯ ಹತ್ತು ಲಕ್ಷ ಭಾಗದಲ್ಲಿ 500ರಿಂದ 25ಕ್ಕೆ ಇಳಿಸಿತು. ಲೆಕ್ಕ ಮಾಲೀಕನ ಪರವೂ ಅಲ್ಲ, ಕೂಲಿಯವನ ಪರವೂ ಅಲ್ಲ. ಅದು ತೋರಿಸಿದುದನ್ನು ನೋಡುವ ಪ್ರಾಮಾಣಿಕತೆ ಮಾತ್ರ ನೋಡುವವನಲ್ಲಿರಬೇಕು.

ನಮ್ಮ ಸಾಗರ ತಾಲೂಕಿನ ಸೀಮೆಗೇ ಸೇರಿದ ಒಂದು ಪ್ರಕರಣವನ್ನು ಇಲ್ಲಿ ಹೇಳದಿರಲಾಗದು. 1970ರ ದಶಕದ ನಡುವೆ ಹಂದಿಗೋಡಿನಲ್ಲಿ, ಸೊಂಟ ಮೊಣಕಾಲುಗಳ ಕೀಲುಗಳು ನೋವಿನಿಂದ ಸವೆದು, ನಡಿಗೆಯೇ ಅಸಾಧ್ಯವಾಗುವ ವ್ಯಾಧಿಯೊಂದು ದುಡಿದುಣ್ಣುವ ಬಡ ದಲಿತ ಕುಟುಂಬಗಳಲ್ಲಿ ಕಾಣಿಸಿಕೊಂಡಾಗ, ಗದ್ದೆಗೆ ಎಂಡ್ರಿನ್ ಮತ್ತು ಪ್ಯಾರಾಥಿಯಾನ್ ಕೀಟನಾಶಕಗಳನ್ನು ಸುರಿದ ಕಾಲವದಾದುದರಿಂದ, ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವೆಂಬ ಸಂಶಯ ಬಲವಾಗಿ ಹಬ್ಬಿತು. ಆ ಸಂಶಯವನ್ನು ಇಂದಿನ ಮಾದರಿಯ ಮುಂದಿಟ್ಟರೆ ಅದು ಕೇಳುವ ಪ್ರಶ್ನೆಗಳು ನಿಷ್ಠುರವಾದುವು: ಒಂದು ಏಡಿಯಲ್ಲಿ ವಿಷವೆಷ್ಟು, ದಿನಕ್ಕೆ ತಿಂದ ಏಡಿಗಳೆಷ್ಟು, ಪ್ಯಾರಾಥಿಯಾನಿನ ಪರಿಣಾಮ ಗಂಟೆಗಳಲ್ಲಿಯೇ ತೋರುವಂಥದಾಗಿರಲು, ಎಂಡ್ರಿನ್ ದೇಹದಿಂದ ಕೆಲವೇ ದಿನಗಳಲ್ಲಿ ಹೊರಹೋಗುವಂಥದಾಗಿರಲು, ತೊಡೆಮೂಳೆಯ ತಲೆ ವರ್ಷಗಟ್ಟಲೆ ಸವೆಯುವುದು ಹೇಗೆ? ವಾಸ್ತವದಲ್ಲಿ ಆ ಗಂಟನ್ನು ಬಿಡಿಸಿದ್ದು ಗಣಿತವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಅಧ್ಯಯನಗಳು, ಎಕ್ಸ್‌ರೇ ಚಿತ್ರಗಳನ್ನೂ ವಂಶಾವಳಿಗಳನ್ನೂ ಜೋಡಿಸಿ, ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಮೂಳೆಯ ಬೆಳವಣಿಗೆಯ ದೋಷವಿದೆಂದು ತೋರಿಸಿದುವು. ಈ ಕಾರ್ಯ ಮುಗಿಯುವ ವೇಳೆಗೆ ಎರಡು ದಶಕಗಳು ಕಳೆದಿದ್ದುವು. ಅಷ್ಟರವರೆಗೆ ಆ ಕುಟುಂಬಗಳು ತಮ್ಮ ಊಟದ ತಟ್ಟೆಯನ್ನೇ ಶಂಕೆಯಿಂದ ನೋಡುತ್ತ ಬಾಳಬೇಕಾಯಿತೆಂಬುದು ಮನಸ್ಸನ್ನು ನೋಯಿಸುವ ಸಂಗತಿ.

ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಗೆ ಸೇರಿದ ಪಡ್ರೆಯ ಕಥೆ ಇದಕ್ಕೆ ವಿಪರೀತವಾದುದು. ಅಲ್ಲಿ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ ಜನರ ಸಂಕಟವನ್ನು ಲೋಕದ ಮುಂದಿಟ್ಟರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಡ್ರೆಯ ಶಾಲಾಬಾಲಕರ ರಕ್ತದಲ್ಲಿ ನೂರು ಕೋಟಿಗೆ ಸರಾಸರಿ 7.47 ಭಾಗ ಎಂಡೋಸಲ್ಫಾನ್ ಇದ್ದರೆ, ಸಿಂಪಡಣೆಯಿಲ್ಲದ ಊರಿನ ಬಾಲಕರಲ್ಲಿ 1.37 ಭಾಗವಿದ್ದಿತು; ಪಡ್ರೆಯ ಬಾಲಕರು ಪ್ರಾಯಕ್ಕೆ ಬರುವುದು ತಡವಾಗಿತ್ತೆಂದೂ ಆ ಅಧ್ಯಯನ ಹೇಳಿತು. ರಕ್ತವನ್ನು ತೆಗೆದದ್ದು ಸಿಂಪಡಣೆ ನಿಂತು ತಿಂಗಳುಗಳು ಕಳೆದ ಮೇಲೆ. ಮಾದರಿಯನ್ನು ಹಿಂದುಮುಂದಾಗಿ ನಡೆಸುವ ಪದ್ಧತಿ ಇಲ್ಲಿ ಬೆಲೆಯುಳ್ಳದ್ದಾಗುತ್ತದೆ: ದೇಹದಿಂದ ಬೇಗನೆ ಹೊರಹೋಗುವ ವಸ್ತು ಇಷ್ಟು ಕಾಲದ ಮೇಲೂ ರಕ್ತದಲ್ಲಿ ಉಳಿದಿದ್ದರೆ, ಅದು ಮಣ್ಣಿನಿಂದಲೋ ನೀರಿನಿಂದಲೋ ಆಹಾರದಿಂದಲೋ ಇನ್ನೂ ಒಳಬರುತ್ತಿದ್ದಿತೆಂದೇ ತರ್ಕಿಸಬೇಕಾಗುತ್ತದೆ, ದಿನಕ್ಕೆ ಎಷ್ಟು ಬರುತ್ತಿದ್ದಿತೆಂಬುದನ್ನು ರಕ್ತದ ಅಂಕಿಯಿಂದ ಹಿಂದಕ್ಕೆ ಎಣಿಸಿ ಅಂದಾಜಿಸಲೂ ಬಹುದು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನಿಗೆ ದೇಶದಾದ್ಯಂತ ತಡೆಯೊಡ್ಡಿತು. ತೊಂದರೆ ಕಂಡ ಮೊದಲ ವರ್ಷಗಳಲ್ಲಿಯೇ ನೀರು, ಹಾಲು, ರಕ್ತಗಳ ಅಳತೆ ಕ್ರಮವಾಗಿ ನಡೆದಿದ್ದರೆ, ವಾದವಿವಾದಗಳಲ್ಲಿ ಕಳೆದುಹೋದ ಎಷ್ಟೋ ಕಾಲ ಉಳಿಯುತ್ತಿತ್ತು.

ಎಷ್ಟು ಸೂಕ್ಷ್ಮವಾದ ಮಾದರಿಯಾದರೂ ಅಳತೆಯಿಲ್ಲದೆ ನಡೆಯಲಾರದು. ಆ ಅಳತೆ ಹುಟ್ಟಬೇಕಾದುದು ತೋಟದಲ್ಲಿ, ಗದ್ದೆಯಲ್ಲಿ. ಚಿಕಿತ್ಸೆಗೂ ಆ ದಾಖಲೆ ಬೇಕು. 2025ರ ಜುಲೈನಲ್ಲಿ ಶರಾವತಿಯ ಹಿನ್ನೀರಿನ ಮೇಲೆ ಸೇತುವೆ ತೆರೆದು, ಲಾಂಚಿಗಾಗಿ ಕಾಯುವ ಕಷ್ಟ ಬ್ಯಾಕೋಡು ತುಮರಿಗಳ ಜನಕ್ಕೆ ತಪ್ಪಿದೆ. ವಿಷಬಾಧೆಗೊಳಗಾದವನಿಗೆ ಹೀಗೆ ಉಳಿದ ಕಾಲ ಪ್ರಾಣಕ್ಕೆ ಸಮಾನ. ಆದರೆ ಆಸ್ಪತ್ರೆಗೆ ಬೇಗ ತಲಪಿದರೂ, ಸೇವಿಸಿದ ಅಥವಾ ಉಸಿರಾಡಿದ ವಸ್ತು ಯಾವುದೆಂದು ತಿಳಿಯದೆ ವೈದ್ಯನು ಕತ್ತಲಲ್ಲಿ ತಡಕಬೇಕಾಗುತ್ತದೆ. ಆದಕಾರಣ ತೋಟದ ಯಜಮಾನರಲ್ಲಿ ನನ್ನ ಬಿನ್ನಹವಿಷ್ಟೆ: ಕೂಲಿಯ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಹೊಡೆದ ಔಷಧಿಯ ಹೆಸರು, ಪ್ರಮಾಣ, ದಿನಾಂಕ, ಹೊಡೆದವರ ಹೆಸರು ಇವನ್ನೂ ಬರೆದಿಡಿ, ಔಷಧಿ ಹೊಡೆಯುವವರಿಗೆ ಮೂಗುಬಾಯಿ ಮುಚ್ಚುವ ಒಳ್ಳೆಯ ಮುಖಕವಚವನ್ನು ನಿಮ್ಮ ಖರ್ಚಿನಲ್ಲಿಯೇ ಕೊಡಿಸಿ, ಯಾರಿಗಾದರೂ ತಲೆ ಸುತ್ತಿ ವಾಂತಿಯಾದರೆ, ಆಸ್ಪತ್ರೆಗೆ ಹೋಗುವಾಗ ಔಷಧಿಯ ಡಬ್ಬಿಯನ್ನು, ಅದರ ಮೇಲಿನ ಚೀಟಿಯ ಸಮೇತ, ಮರೆಯದೆ ತೆಗೆದುಕೊಂಡು ಹೋಗಿ.