ನಿಂತ ನೀರು ಮತ್ತು ಸೊಳ್ಳೆಯ ಮರಿಗಳು

ಮಳೆಗಾಲದಲ್ಲಿ ಮಾಟುಂಗದ ಕಿಂಗ್ಸ್ ಸರ್ಕಲ್ ಬಳಿ ಮೊಣಕಾಲುದ್ದ ನೀರು ನಿಂತಾಗ, ಇನ್ನು ಸೊಳ್ಳೆಗಳ ಕಾಟ ತಪ್ಪಿದ್ದಲ್ಲವೆಂದು ಜನ ಹೇಳುವುದುಂಟು. ಆದರೆ ಕೆಲವು ಗಂಟೆಗಳಲ್ಲಿ ಇಳಿದುಹೋಗುವ ಆ ಕೆಸರುನೀರಿಗಿಂತ, ಮನೆಯ ತಾರಸಿಯ ಮೇಲೆ ವಾರಗಟ್ಟಲೆ ನಿಲ್ಲುವ ತಿಳಿನೀರೇ ಹೆಚ್ಚು ಅಪಾಯಕಾರಿ.

ಸೊಳ್ಳೆಯ ಬಾಳಿನ ಮೊದಲ ಭಾಗವೆಲ್ಲ ನೀರಿನಲ್ಲಿಯೇ ಕಳೆಯುತ್ತದೆ. ಮೊಟ್ಟೆಯೊಡೆದು ಬಂದ ಮರಿ, ಅಂದರೆ ಲಾರ್ವಾ, ಪಾಚಿಯನ್ನೂ ಸೂಕ್ಷ್ಮಜೀವಿಗಳನ್ನೂ ತಿಂದು ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ. ಅನಂತರ ಕೋಶಾವಸ್ಥೆ. ಆಗ ಅದಕ್ಕೆ ಆಹಾರ ಬೇಡ. ಸುಮಾರು ಎರಡು ದಿನಗಳಲ್ಲಿ ಕೋಶವನ್ನು ಸೀಳಿಕೊಂಡು ಸೊಳ್ಳೆ ಹಾರಿಹೋಗುತ್ತದೆ. ಮುಂಬಯಿಯಂಥ ಬೆಚ್ಚನೆಯ ಊರಿನಲ್ಲಿ ಇದೆಲ್ಲಕ್ಕೂ 7ರಿಂದ 10 ದಿನಗಳು ಸಾಕು. ನೀರು ತಣ್ಣಗಿದ್ದರೆ, ಆಹಾರ ಸಾಲದಿದ್ದರೆ ಅವಧಿ ಹೆಚ್ಚುತ್ತದೆ. ನೀರಿನಲ್ಲಿದ್ದರೂ ಮರಿ ಉಸಿರಾಡುವುದು ಹೊರಗಿನ ಗಾಳಿಯನ್ನೇ. ಮಲೇರಿಯಾ ಹರಡುವ ಅನಾಫಿಲಿಸ್ ಮರಿ ನೀರಿನ ಮೇಲ್ಮೈಯಲ್ಲಿ ಅಡ್ಡಲಾಗಿ ಮಲಗಿರುತ್ತದೆ. ಡೆಂಗೆ ಹರಡುವ ಈಡಿಸ್ ಮರಿ ಬಾಲದ ಕೊಳವೆಯನ್ನು ಮೇಲಕ್ಕೆ ಚಾಚಿ ತಲೆಕೆಳಗಾಗಿ ತೂಗುತ್ತದೆ.

ಮುಂಬಯಿಗೆ ಈ ಪಾಠ ಹೊಸದಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡುಹಿಡಿದರು. ಮುಂಬಯಿಯ ಮಲೇರಿಯಾವನ್ನು ಕುರಿತು 1911ರಲ್ಲಿ ಡಾ. ಬೆಂಟ್ಲಿ ಅವರು ಸಲ್ಲಿಸಿದ ವರದಿ, ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಜಾತಿಯು ಮನೆಗಳ ಬಾವಿ ಮತ್ತು ತೊಟ್ಟಿಗಳಲ್ಲಿ ಮರಿಮಾಡುವುದನ್ನು ಎತ್ತಿ ತೋರಿಸಿತು. ಬಾವಿಗಳನ್ನು ಮುಚ್ಚಿಸಹೊರಟಾಗ ಧಾರ್ಮಿಕ ಕಾರಣಗಳಿಂದ ಆಕ್ಷೇಪಗಳೂ ಬಂದವು. ಕಾಲಕ್ರಮದಲ್ಲಿ ಅನೇಕ ಬಾವಿಗಳು ಮುಚ್ಚಿಹೋದವು. ತಾರಸಿಯ ಟಾಂಕಿಗಳು ಬಂದವು. ಸೊಳ್ಳೆಗೆ ಎರಡೂ ಒಂದೇ.

ಹಳೆಯ ಕಟ್ಟಡಗಳಲ್ಲಿ ಎಲ್ಲರಿಗೂ ಸೇರಿದ ಟಾಂಕಿಯ ಮುಚ್ಚಳವನ್ನು ನೋಡುವವರು ಯಾರೂ ಇರುವುದಿಲ್ಲ. ನಲ್ಲಿಯ ನೀರು ಗೊತ್ತಾದ ಹೊತ್ತಿನಲ್ಲಿ ಮಾತ್ರ ಬರುವುದರಿಂದ ಪೀಪಾಯಿ, ಬಕೆಟ್ಟುಗಳು ತುಂಬಿಯೇ ಇರುತ್ತವೆ. ಒಂದು ಮನೆಯ ಅಲಕ್ಷ್ಯಕ್ಕೆ ನೆರೆಮನೆಯ ಮಗು ಜ್ವರದಲ್ಲಿ ಮಲಗಬೇಕಾಗುತ್ತದೆ.

ಉಪಾಯ ಸರಳ. ಮರಿಗೆ ಬೇಕಾದ ವಾರವನ್ನು ಅದಕ್ಕೆ ಕೊಡದಿದ್ದರಾಯಿತು. ಟಾಂಕಿಯ ಮುಚ್ಚಳ ಸೊಳ್ಳೆ ನುಸುಳದಷ್ಟು ಬಿಗಿಯಾಗಿರಲಿ. ವಾರಕ್ಕೊಮ್ಮೆ ಪೀಪಾಯಿ, ಹೂದಾನಿ, ಕುಂಡದ ಕೆಳಗಿನ ತಟ್ಟೆಗಳನ್ನು ಬರಿದುಮಾಡಿ ಒಣಗಿಸಬೇಕು. ಒಳಬದಿಯನ್ನು ಉಜ್ಜಿ ತೊಳೆಯುವುದೂ ಅಗತ್ಯ. ಏಕೆಂದರೆ ಪಾತ್ರೆಯ ಗೋಡೆಗೆ ಅಂಟಿದ ಈಡಿಸ್ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಸೋಕಿದೊಡನೆ ಒಡೆಯುತ್ತವೆ. ಬರಿದುಮಾಡಲಾಗದ ಬಾವಿ, ಕೊಳಗಳಲ್ಲಿ ಮರಿಗಳನ್ನು ತಿನ್ನುವ ಗಪ್ಪಿ ಮೀನುಗಳನ್ನು ಬಿಡಬಹುದು.

ರಜೆಯಲ್ಲಿ ಊರಿಗೆ ಹೊರಡುವ ಕನ್ನಡಿಗರು ಬಾಗಿಲಿಗೆ ಬೀಗ ಹಾಕುವ ಮುನ್ನ ಗ್ಯಾಸು, ದೀಪಗಳನ್ನು ನೋಡುವಂತೆ, ತುಂಬಿಟ್ಟ ನೀರನ್ನೂ ಒಮ್ಮೆ ನೋಡಿ ಚೆಲ್ಲಿ ಹೊರಡುವುದು ಲೇಸು.