ಚಲನೆ ಕುಂದಿದವರಿಗೆ ಸ್ನಾನದ ವ್ಯವಸ್ಥೆ

ಲಿಂಗಪೂಜೆಗೆ ಮುನ್ನ ಸ್ನಾನವೆಂಬುದು ನಮ್ಮ ಹಿರಿಯರ ನಿತ್ಯದ ನೇಮ. ಸಂಧಿವಾತ, ಪಕ್ಷಾಘಾತ, ಕಂಪವಾತಗಳಿಂದಲೋ ಕೇವಲ ವಯಸ್ಸಿನಿಂದಲೋ ಕಾಲು ಸೋತಾಗ ಈ ನೇಮವೇ ಭಯದ ಸಂಗತಿಯಾಗುತ್ತದೆ. ಎಂಬತ್ತರ ಸಮೀಪದ ತಾಯಿಯೊಬ್ಬರು ಮಲಬದ್ಧತೆಗೆ ಔಷಧ ಕೇಳಲು ನನ್ನಲ್ಲಿಗೆ ಬಂದಿದ್ದರು. ವಿಚಾರಿಸಿದಾಗ ತಿಳಿದ ಸಂಗತಿ ಬೇರೆ. ಬಚ್ಚಲಲ್ಲಿ ಜಾರುವ ಅಂಜಿಕೆಯಿಂದ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಸ್ನಾನ ಮೂರು ದಿನಕ್ಕೊಮ್ಮೆಗೆ ಇಳಿದಿತ್ತು. ಸ್ನಾನವಿಲ್ಲದ ದಿನ ಪೂಜೆಯಿಲ್ಲ, ಪೂಜೆಯಿಲ್ಲದ ದಿನ ಊಟವೂ ಅರೆಬರೆ. ಮನೆಯವರಿಗೆ ಇದಾವುದೂ ತಿಳಿದಿರಲಿಲ್ಲ. ಆಕೆಗೆ ಚೂರ್ಣಕ್ಕಿಂತ ಮೊದಲು ಬೇಕಾಗಿದ್ದುದು ಕುಳಿತು ಮೀಯಲು ತಕ್ಕ ಆಸನ.

ನಮ್ಮ ಹಳೆಯ ಬಚ್ಚಲುಮನೆಗಳಲ್ಲಿ ಹಂಡೆಯ ಪಕ್ಕ ನಾಲ್ಕು ಬೆರಳೆತ್ತರದ ಮಣೆ ಇರುತ್ತಿತ್ತು. ಗಟ್ಟಿ ಮಂಡಿಯವರಿಗೆ ಅದು ಸರಿ. ಮಂಡಿ ಸವೆದವರು ಅದರಿಂದ ಏಳುವಾಗ ನಲ್ಲಿಯನ್ನೋ ಬಕೆಟ್ಟನ್ನೋ ಹಿಡಿಯುತ್ತಾರೆ. ಅನೇಕರು ಬೀಳುವುದು ಅಲ್ಲಿಯೇ. ಆಸನವು ನೆಲದಿಂದ ಸುಮಾರು 17ರಿಂದ 19 ಇಂಚು ಎತ್ತರವಿರಲಿ. ಕುಳಿತಾಗ ಪಾದಗಳು ಪೂರ್ಣವಾಗಿ ನೆಲಕ್ಕೆ ಊರಬೇಕು, ಮಂಡಿ ಸೊಂಟಕ್ಕಿಂತ ಮೇಲೇರಬಾರದು. ಗಿಡ್ಡ ದೇಹದವರಿಗೆ ಎತ್ತರ ಹೊಂದಿಸಬಹುದಾದ ಅಲ್ಯೂಮಿನಿಯಂ ಕುರ್ಚಿ ಅನುಕೂಲ. ಕಾಲುಗಳ ತುದಿಗೆ ಅಗಲವಾದ ರಬ್ಬರು, ಒರಗಲು ಬೆನ್ನು, ಏಳುವಾಗ ಒತ್ತಿಹಿಡಿಯಲು ಎರಡೂ ಕಡೆ ತೋಳು ಇರಲೇಬೇಕು. ಹಜಾರದ ಪ್ಲಾಸ್ಟಿಕ್ ಕುರ್ಚಿಯನ್ನೇ ಬಚ್ಚಲಿಗೆ ಒಯ್ಯುವ ರೂಢಿಯಿದೆ. ಸಾಬೂನು ನೀರಿನಲ್ಲಿ ಅದರ ಕಾಲುಗಳು ಹೊರಕ್ಕೆ ಜಾರುತ್ತವೆ. ಬಕೆಟ್ಟನ್ನೂ ಒಂದು ಪೀಠದ ಮೇಲಿಟ್ಟರೆ ಬಗ್ಗುವ ಶ್ರಮ ತಪ್ಪುತ್ತದೆ. ಐದಡಿ ಕೊಳವೆಯ ಕೈಷವರ್ ಇನ್ನೂ ಉತ್ತಮ.

ಹಿಡಿಕೆಯ ವಿಷಯದಲ್ಲಿ ಉಳಿತಾಯ ಬೇಡ. 33ರಿಂದ 36 ಇಂಚು ಎತ್ತರದಲ್ಲಿ ಗೋಡೆಗೆ ಸ್ಕ್ರೂ ಹಾಕಿ ಬಿಗಿದ ಉಕ್ಕಿನ ಹಿಡಿಕೆ ಮಾತ್ರ ದೇಹದ ಭಾರ ತಡೆಯುತ್ತದೆ. ಗಾಳಿಯೊತ್ತಡದಿಂದ ಅಂಟಿಸುವ ಹಿಡಿಕೆಯನ್ನೂ ಟವೆಲ್ ಕಂಬಿಯನ್ನೂ ನಂಬಬೇಡಿ. ಪಕ್ಷಾಘಾತವಾದವರಿಗೆ ಅದು ಬಲವುಳ್ಳ ಕೈಯ ಕಡೆಗಿರಬೇಕು. ಇನ್ನೊಂದು ಮಾತು: ಏಳುವಾಗ ಒಂದು ಕೈಯಲ್ಲಿ ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಳ್ಳುವುದು ನಮ್ಮ ಹಿರಿಯರ ಅಭ್ಯಾಸ. ಆಗ ಆಧಾರಕ್ಕೆ ಉಳಿಯುವುದು ಒಂದೇ ಕೈ. ಶಿವದಾರದ ಉದ್ದವನ್ನು ಸರಿಪಡಿಸಿಕೊಂಡರೆ ಎರಡೂ ಕೈ ಬಿಡುವಾಗುತ್ತವೆ.

ಪಕ್ಕದಲ್ಲಿ ಬಾಗಿಲಿರುವ ಸ್ನಾನದ ತೊಟ್ಟಿಗಳ ಬಗ್ಗೆ ಅನಿವಾಸಿ ಮಕ್ಕಳು ಕೇಳುತ್ತಾರೆ. ಒಳಗೆ ಕುಳಿತು ಬಾಗಿಲು ಮುಚ್ಚಿದ ಮೇಲೆಯೇ ನೀರು ತುಂಬಬೇಕು. ನೀರೆಲ್ಲ ಇಳಿದ ಮೇಲೆಯೇ ಬಾಗಿಲು ತೆರೆಯಬೇಕು. ಅಷ್ಟು ಹೊತ್ತು ಒದ್ದೆ ಮೈಯಲ್ಲಿ ಚಳಿಗೆ ಕಾಯುವುದು ವಾತರೋಗಿಗೆ ಹಿತವಲ್ಲ, ನಮ್ಮ ಊರುಗಳ ನೀರಿಗೂ ಹಿತವಲ್ಲ. ಅದೇ ಹಣದಲ್ಲಿ ಹೊಸ್ತಿಲು ತೆಗೆಸಿ, ಜಾರದ ಒರಟು ಟೈಲ್ಸ್ ಹಾಕಿಸಿ, ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಿ. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಬಿದ್ದವರನ್ನು ಹೊರತರುವುದು ಬಹಳ ಕಷ್ಟ. ಚಿಲಕವು ಹೊರಗಿನಿಂದಲೂ ತೆಗೆಯುವಂತಿರಲಿ.

ಕತ್ತಿನ ಕೆಳಗೆ ಬಿಸಿನೀರು ಬಲಕರ, ತಲೆಗೆ ಅದು ಕೂದಲಿಗೂ ಕಣ್ಣಿಗೂ ಹಾನಿಕರವೆಂದು ಅಷ್ಟಾಂಗಹೃದಯದಲ್ಲಿ ವಾಗ್ಭಟನ ಅಭಿಪ್ರಾಯ. ಊಟವಾದೊಡನೆ ಸ್ನಾನವನ್ನು ಅವನು ನಿಷೇಧಿಸಿದ್ದಾನೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ನೀರಿನ ಬಿಸಿ ತಿಳಿಯದು. ಮನೆಯವರು ಮೊಣಕೈಯಿಂದ ಪರೀಕ್ಷಿಸಿ ಕೊಡಲಿ. ಬಿಸಿನೀರಿನ ಸ್ನಾನದ ನಂತರ ರಕ್ತದೊತ್ತಡ ಇಳಿದು ತಲೆ ತಿರುಗುವುದುಂಟು. ಆದುದರಿಂದ ಒಂದೆರಡು ನಿಮಿಷ ಕುಳಿತೇ ಮೈ ಒರೆಸಿಕೊಂಡು ಬಳಿಕ ಏಳುವುದು ಕ್ಷೇಮ. ಅಭ್ಯಂಗವನ್ನು ಬಚ್ಚಲಿನ ಹೊರಗೆ ಮುಗಿಸಿ, ಅಂಗಾಲಿನ ಎಣ್ಣೆಯನ್ನು ಕಡಲೆಹಿಟ್ಟಿನಿಂದ ತೆಗೆದ ಮೇಲೆಯೇ ನಡೆಸಿಕೊಂಡು ಹೋಗಿ. ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲಿನೊಳಗೆ ಇಡಲೇಬಾರದು. ಅದರಿಂದ ಹೊರಡುವ ವಿಷಾನಿಲಕ್ಕೆ ವಾಸನೆಯಿಲ್ಲ.

ಹಾಸಿಗೆ ಹಿಡಿದವರಿಗೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒಂದೊಂದೇ ಅಂಗವನ್ನು ಒರೆಸಿ, ಉಳಿದ ಮೈಗೆ ಹೊದಿಸಿರಬೇಕು. ಕಂಕುಳು, ತೊಡೆಸಂದು, ಸ್ತನದ ಕೆಳಭಾಗಗಳಲ್ಲಿ ತೇವ ಉಳಿಯದಿರಲಿ. ಬೆನ್ನು, ಹಿಮ್ಮಡಿಗಳಲ್ಲಿ ಕೆಂಪು ಕಲೆ ಕಂಡರೆ ಅಂದೇ ವೈದ್ಯರಿಗೆ ತೋರಿಸಿ. ಬಳಿಕ ವಿಭೂತಿ ಧರಿಸಿ, ದಿಂಬಿಗೆ ಒರಗಿಸಿ ಕೂರಿಸಿದರೆ ಅವರ ಪೂಜೆ ಅಲ್ಲಿಯೇ ನಡೆಯುತ್ತದೆ.