ಸಂತೆ ವ್ಯಾನಿಗೆ ಫೈಬರ್ ಮೈ

ಹೊಸೂರು: ಸಂತೆಯಿಂದ ಸಂತೆಗೆ ತರಕಾರಿ ಬೀಜ ಮಾರುತ್ತಾ ತಿರುಗುವ ನನಗೆ ರಾತ್ರಿ ವ್ಯಾನೇ ಮನೆ. ಪಕ್ಕದ ತಗಡು ತುಕ್ಕು ತಿಂದು ಮಳೆನೀರು ಹಾಸಿಗೆಗೇ ಬರುತ್ತಿತ್ತು. ಹೊಸ ಬಾಡಿ ಕಟ್ಟಿಸಲು ಕಾಸಿಲ್ಲ. ನಾನೇ ಫೈಬರ್ ಹಲಗೆ ಮಾಡಲು ಕೂತೆ.

ನುಣುಪಾದ ಸನ್‌ಮೈಕಾ ಹಲಗೆಯೇ ಅಚ್ಚು. ಮೇಣ ತಿಕ್ಕಿ, ಜೆಲ್‌ಕೋಟ್ ಬಳಿದು, ಅದು ಅಂಟಂಟಾದ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ, ಪಾಲಿಯೆಸ್ಟರ್ ರೆಸಿನ್ ಕುಡಿಸಿ, ರೋಲರಿನಿಂದ ಗಾಳಿಗುಳ್ಳೆ ಹೊರಡಿಸಬೇಕು.

ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಸುರಿದೆ. ರೆಸಿನ್ ಡಬ್ಬಿಯಲ್ಲೇ ಕಾದು, ಹೊಗೆಯೆದ್ದು ಕಲ್ಲಾಯಿತು. ಮರುಸಲ ಕೋಬಾಲ್ಟನ್ನೂ ಹಾರ್ಡನರನ್ನೂ ಒಂದೇ ಲೋಟಕ್ಕೆ ಸುರಿಯಹೋದಾಗ ಪಕ್ಕದ ಗ್ಯಾರೇಜಿನ ಅಣ್ಣ ಕೈ ಹಿಡಿದರು:

‘ಅಯ್ಯೋ ತಮ್ಮಾ, ಅವೆರಡೂ ನೇರ ಸೇರಿದ್ರೆ ಸಿಡೀತದೆ! ಮೊದ್ಲು ಕೋಬಾಲ್ಟನ್ನ ರೆಸಿನ್‌ಗೆ ಚೆನ್ನಾಗಿ ಕಲಸು, ಆಮೇಲೆ ಹಾರ್ಡನರ್ ಹಾಕು.’

ಕಿಲೋ ರೆಸಿನ್ನಿಗೆ 10ರಿಂದ 20 ಗ್ರಾಂ ಹಾರ್ಡನರ್ ಸಾಕು. ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋದೀತು. ಕನ್ನಡಕ, ಕೈಗವಸು ಬಿಡಬೇಡಿ. ಬಯಲಲ್ಲೇ ಕೆಲಸ ಮಾಡಿ.

ರೈತ, ವ್ಯಾಪಾರಿ ಬಂಧುಗಳೇ, ಇನ್ನೊಂದು ಮಾತು. ಆರ್‌ಸಿಯಲ್ಲಿನ ವಿವರವೇ ಬದಲಾಗುವಂತೆ ಬಾಡಿ ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಎರಡನೇ ಹಲಗೆ ನಿಂತಿತು. ಮೊನ್ನೆ ರಾತ್ರಿಯಿಡೀ ಮಳೆ. ಹಾಸಿಗೆ ಒಣಗೇ ಇತ್ತು, ಬೀಜದ ಚೀಲವೂ.